ಕಬ್ಬಿನ ಊರಿನ ಕಣ್ಣಿಲ್ಲದ ಜೇಡ

ತೋಳ ಜೇಡಗಳಿಗೆ ದೊಡ್ಡ ಕಣ್ಣುಗಳೇ ಹೆಗ್ಗುರುತು. ಬಲೆ ಕಟ್ಟಿ ಕಾಯುವ ಜಾತಿಯಲ್ಲ ಇವು. ಹೆಚ್ಚಿನವು ಬೇಟೆಯನ್ನು ಕಣ್ಣಾರೆ ನೋಡಿ, ಮೇಲೆ ಬಿದ್ದು ಹಿಡಿಯುತ್ತವೆ. ಈ ಮನೆತನದ ಒಂದು ಜೇಡಕ್ಕೆ ಮಾತ್ರ ಕಣ್ಣೇ ಇಲ್ಲ. ಹವಾಯಿಯ ಕೌವಾಯಿ ದ್ವೀಪದಲ್ಲಿ, ಕೊಲೋವಾ ಎಂಬ ಊರಿನ ಸುತ್ತಮುತ್ತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಸಿಗುವುದಿಲ್ಲ.

ಕೊಲೋವಾ ಹೆಸರಾಗಿದ್ದು ಸಕ್ಕರೆಯಿಂದ. 1835ರಲ್ಲಿ ಲ್ಯಾಡ್ ಕಂಪನಿಯವರು ರಾಜ ಮೂರನೇ ಕಮೆಹಮೆಹನಿಂದ ಜಮೀನು ಗುತ್ತಿಗೆ ಹಿಡಿದು ಅಲ್ಲಿ ಕಬ್ಬು ಹಾಕಿದರು. ಹವಾಯಿಯ ಸಕ್ಕರೆ ಉದ್ಯಮ ಬೇರೂರಿದ್ದೇ ಅಲ್ಲಿಂದ. ಆಮೇಲೆ ಪಕ್ಕದ ಪೊಯಿಪು ಕಡಲತೀರಕ್ಕೆ ಹೋಟೆಲುಗಳು, ಗಾಲ್ಫ್ ಮೈದಾನಗಳು ಬಂದವು. ನೆಲದ ಮೇಲಿನ ಈ ಚರಿತ್ರೆಯೆಲ್ಲ ಪುಸ್ತಕದಲ್ಲಿದೆ. ಕೆಳಗೇನಿದೆ ಅಂತ ಯಾರೂ ಕೇಳಿರಲಿಲ್ಲ.

ಕೆಳಗಿದ್ದದ್ದು ಲಾವಾ ಕೊಳವೆಗಳು. ಹರಿಯುವ ಲಾವಾ ಮೇಲ್ಗಡೆ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಹರಿದುಹೋಗುತ್ತದೆ, ಸುರಂಗ ಉಳಿಯುತ್ತದೆ. ಜ್ವಾಲಾಮುಖಿ ದ್ವೀಪದ ಇಂಥ ಗುಹೆಗಳಲ್ಲಿ ಕತ್ತಲಿಗೇ ಒಗ್ಗಿಕೊಂಡ ಜೀವಿಗಳು ಇರಲಾರವು ಎಂದೇ ವಿಜ್ಞಾನಿಗಳು ನಂಬಿದ್ದರು. 1971ರಲ್ಲಿ ಕೀಟಶಾಸ್ತ್ರಜ್ಞ ಫ್ರಾಂಕ್ ಹೊವಾರ್ತ್ ಹವಾಯಿಯ ಗುಹೆಗಳಿಗೆ ಇಳಿದ ಮೇಲೆ ಆ ನಂಬಿಕೆ ಬಿತ್ತು. ಈ ಜೇಡ ಬೆಳಕಿಗೆ ಬಂದದ್ದೂ ಅದೇ ವರ್ಷ. 1973ರಲ್ಲಿ ವಿಲ್ಲಿಸ್ ಗರ್ಟ್ಶ್ 'ಅಡೆಲೊಕೋಸಾ ಅನೋಪ್ಸ್' ಎಂದು ಹೆಸರಿಟ್ಟರು. ಅನೋಪ್ಸ್ ಅಂದರೆ ಕಣ್ಣಿಲ್ಲದ್ದು.

ಮೈ ಹೆಚ್ಚೆಂದರೆ ಎರಡು ಸೆಂಟಿಮೀಟರು. ಒಂದು ಸಲಕ್ಕೆ 15ರಿಂದ 30 ಮೊಟ್ಟೆ ಅಷ್ಟೇ. ತಾಯಿ ಮೊಟ್ಟೆಯ ಚೀಲವನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತದೆ, ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. ತಿನ್ನುವುದು ಮುಖ್ಯವಾಗಿ ಅದೇ ಗುಹೆಯ ಸಿಗಡಿಯಂಥ ಒಂದು ಪುಟ್ಟ ಜೀವಿಯನ್ನು. ಅದಕ್ಕೂ ಕಣ್ಣಿಲ್ಲ! ಆ ಜೀವಿ ಬದುಕುವುದು ಚಾವಣಿ ಸೀಳಿ ಇಳಿದ ಮರದ ಬೇರು, ಕೊಳೆತ ಸೊಪ್ಪುಸದೆ ತಿಂದು.

ಅಂದಮೇಲೆ ಲೆಕ್ಕ ಸರಳ. ಮೇಲೆ ಮರ ಕಡಿದರೆ ಕೆಳಗೆ ಬೇರಿಲ್ಲ, ಬೇರಿಲ್ಲದಿದ್ದರೆ ಆ ಪುಟ್ಟ ಜೀವಿಯಿಲ್ಲ, ಅದಿಲ್ಲದಿದ್ದರೆ ಜೇಡವಿಲ್ಲ. ಗುಹೆಯ ತೇವ ಆರಿದರೂ ಅಷ್ಟೇ, ಮೇಲಿನಿಂದ ಕೀಟನಾಶಕ ಇಳಿದರೂ ಅಷ್ಟೇ. ನಾವು ಇದನ್ನು ನೋಡುವ ಹೊತ್ತಿಗೆ ಇದರ ಮೇಲಿನ ನೆಲ 136 ವರ್ಷ ಉಳುಮೆ ಕಂಡಿತ್ತು. ಅಷ್ಟರಲ್ಲಿ ಎಷ್ಟು ಗುಹೆ ಬರಿದಾದವೋ, ಲೆಕ್ಕ ಇಟ್ಟವರಿಲ್ಲ.

ಕೊಲೋವಾದ ಸಕ್ಕರೆ ಗಿರಣಿ 1996ರಲ್ಲಿ ಮುಚ್ಚಿತು. 2000ದಲ್ಲಿ ಅಮೆರಿಕ ಸರ್ಕಾರ ಜೇಡವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 2003ರಲ್ಲಿ 272 ಎಕರೆಯನ್ನು ಅದರ ಉಳಿವಿಗೆ ಬೇಕಾದ ನೆಲವೆಂದು ಗುರುತಿಸಿತು. ಅದನ್ನು ಕಾಪಾಡಲು ಗುಹೆಯೊಳಗೆ ಮಾಡುವಂಥದ್ದು ಹೆಚ್ಚೇನಿಲ್ಲ, ಜನ ನುಗ್ಗದ ಹಾಗೆ ನೋಡಿಕೊಂಡರಾಯಿತು. ಉಳಿದ ಕೆಲಸವೆಲ್ಲ ಮೇಲೆ, ಬಿಸಿಲಲ್ಲಿ: ಆಳಕ್ಕೆ ಬೇರು ಬಿಡುವ ಅಲ್ಲಿಯದೇ ಗಿಡಗಳನ್ನು ನೆಟ್ಟು ನೀರು ಹಾಕುವುದು.