ಸಮಾಜಕಾರ್ಯ ಸಂಶೋಧನೆ, ಕಲಬುರಗಿ ಪ್ರದೇಶ: ಧನಸಹಾಯ ಮತ್ತು ವೃತ್ತಿ ಅವಕಾಶಗಳ ಇತಿಹಾಸ

ಬಡತನ, ವಲಸೆ, ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯ, ಕಾರ್ಮಿಕರ ಕಲ್ಯಾಣ, ಇಂಥ ವಿಷಯಗಳನ್ನು ಜನರ ನಡುವೆಯೇ ಇದ್ದು ಅಧ್ಯಯನ ಮಾಡಿ, ಕಂಡದ್ದನ್ನು ಮತ್ತೆ ಅವರ ಬದುಕಿಗೆ ಒದಗಿಸುವುದು ಸಮಾಜಕಾರ್ಯ ಸಂಶೋಧನೆಯ ಉದ್ದೇಶ. ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಈ ಅಧ್ಯಯನಕ್ಕೆ ವಸ್ತುವಿನ ಕೊರತೆ ಎಂದೂ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವ ಕುಟುಂಬಗಳು, ಕಮಲಾಪುರ ಸುತ್ತಲಿನ ತಾಂಡಾಗಳು, ಸೇಡಂ ಮತ್ತು ಚಿತ್ತಾಪುರ ಭಾಗದ ಸಿಮೆಂಟ್ ಕಾರ್ಖಾನೆಗಳು, ನಗರದ ಸೂಪರ್ ಮಾರ್ಕೆಟ್ ಪ್ರದೇಶದ ಬೀದಿಬದಿ ವ್ಯಾಪಾರಿಗಳು ಮತ್ತು ಹಮಾಲರು ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಈ ಅಧ್ಯಯನಕ್ಕೆ ಹಣ ಎಲ್ಲಿಂದ ಬಂತು, ಅಧ್ಯಯನ ಮಾಡಿದವರಿಗೆ ಯಾವ ಕೆಲಸ ಸಿಕ್ಕಿತು ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆ

ಭಾರತದಲ್ಲಿ ಸಮಾಜಕಾರ್ಯದ ವೃತ್ತಿಶಿಕ್ಷಣ 1936ರಲ್ಲಿ ಮುಂಬೈಯ ಸರ್ ದೊರಾಬ್ಜಿ ಟಾಟಾ ಗ್ರ್ಯಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್‌ನಿಂದ ಆರಂಭವಾಯಿತು. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅದರ ಮೊದಲ ನಿರ್ದೇಶಕರು. 1944ರಲ್ಲಿ ಅದಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಎಂಬ ಹೆಸರು ಬಂತು. ಶಿಕ್ಷಣವನ್ನು ಕಟ್ಟಿದ್ದು ಉದ್ಯಮಿಗಳ ದತ್ತಿಹಣ. ಪದವೀಧರರಿಗೆ ಕೆಲಸ ಕೊಟ್ಟದ್ದು ಕಾನೂನು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಕಲ್ಯಾಣಾಧಿಕಾರಿಯನ್ನು ನೇಮಿಸಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಕಲಂ ಹೇಳಿತು. ಮುಂದೆ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಉದ್ಯಮ ಬೆಳೆದಾಗ ಈ ನಿಯಮದ ಮಹತ್ವ ಈ ಜಿಲ್ಲೆಗೂ ತಿಳಿಯಿತು.

ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಕಲಬುರಗಿ ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಬಳ್ಳಾರಿ ಸೀಮೆಯಿಂದ ಬಂದ ಎಚ್.ಎಂ. ಮರುಳಸಿದ್ಧಯ್ಯನವರು ಹಳ್ಳಿಯ ವೃದ್ಧರ ಬದುಕನ್ನು ಕುರಿತು ಬರೆದ ‘ಓಲ್ಡ್ ಪೀಪಲ್ ಆಫ್ ಮಾಕುಂಟಿ’ 1969ರಲ್ಲಿ ಆ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಒಂದು ಹಳ್ಳಿಯನ್ನು ಆಳವಾಗಿ ನೋಡಿದರೆ ಗಟ್ಟಿ ಸಂಶೋಧನೆ ಸಾಧ್ಯ ಎಂದು ಆ ಕೃತಿ ತೋರಿಸಿತು. ಅದೇ 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್, ಸ್ಥಾಪನೆಯಾಯಿತು. ಸಮಾಜ ವಿಜ್ಞಾನಗಳ ಸಂಶೋಧನಾ ಯೋಜನೆ ಮತ್ತು ಫೆಲೋಶಿಪ್‌ಗಳಿಗೆಂದೇ ಹಣ ಕೊಡುವ ರಾಷ್ಟ್ರೀಯ ಸಂಸ್ಥೆ ಇದರಿಂದ ದೊರೆಯಿತು.

ಕಲಬುರಗಿಯಲ್ಲಿ ಉನ್ನತ ಶಿಕ್ಷಣ

1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಗುಲಬರ್ಗಾದಲ್ಲಿ (ಇಂದಿನ ಕಲಬುರಗಿ) ಆರಂಭವಾಗಿ, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅದರ ಜ್ಞಾನಗಂಗಾ ಆವರಣದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಿಕ್ಷಣ ಮತ್ತು ಪಿಎಚ್.ಡಿ. ಸಂಶೋಧನೆ ನೆಲೆಗೊಂಡವು. 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಮುಂದೆ ಅಲ್ಲಿಯೂ ಸಮಾಜಕಾರ್ಯ ವಿಭಾಗ ತೆರೆಯಿತು. ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯು, ಓದುವವರಿಗೆ ಕ್ಷೇತ್ರಕಾರ್ಯ ಕಡ್ಡಾಯ. ಹೀಗಾಗಿ ಈ ಭಾಗದಲ್ಲಿ ಓದಿದವರು ಸಂಶೋಧನೆಗೆ ಬರುವ ಹೊತ್ತಿಗೆ ಆಸ್ಪತ್ರೆ, ಬಾಲಮಂದಿರ, ಕೊಳಚೆ ಪ್ರದೇಶ, ತಾಂಡಾಗಳ ಪರಿಚಯವನ್ನು ಹೊತ್ತೇ ಬಂದಿರುತ್ತಾರೆ.

ಕಮಲಾಪುರದ ಪ್ರಯೋಗ

ಈ ಪ್ರದೇಶದಲ್ಲಿ ಸಂಶೋಧನೆಗೆ ಬಂದ ಹಣ ದೊಡ್ಡ ಫಲ ಕೊಟ್ಟ ಅಧ್ಯಾಯ ವಿಶ್ವವಿದ್ಯಾಲಯದ ಹೊರಗೆ ನಡೆಯಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಆಗ ಅದು ಗುಲಬರ್ಗಾ ತಾಲ್ಲೂಕಿನ ಊರು. 1968ರಲ್ಲಿ ಸ್ಥಾಪನೆಯಾದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ, ಕರ್ನಾಟಕ ಸರ್ಕಾರ ಮತ್ತು ಸ್ವಿಟ್ಜರ್ಲೆಂಡ್‌ನ ಅಭಿವೃದ್ಧಿ ಸಹಕಾರ ಸಂಸ್ಥೆ ಸೇರಿ 1980ರ ದಶಕದ ಮಧ್ಯಭಾಗದಲ್ಲಿ ಈ ಸೀಮೆಯಲ್ಲಿ ಪಿಡೋ ಎಂಬ ಜಲಾನಯನ ಅಭಿವೃದ್ಧಿ ಯೋಜನೆಯನ್ನು ಕೈಗೊಂಡವು. ಒಡ್ಡು ಹಾಕುವ, ಮಣ್ಣು ಉಳಿಸುವ ಕೆಲಸದ ಯೋಜನೆಯನ್ನು ಊರವರೇ ರೂಪಿಸಬೇಕು ಎಂಬುದು ಅದರ ಮೂಲತತ್ವ.

ಅದಕ್ಕೆ ಹೊಸ ಅಧ್ಯಯನ ವಿಧಾನ ಬೇಕಾಯಿತು. 1989ರ ನಂತರ ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಭಾರತದಲ್ಲಿದ್ದ ಅವಧಿಯಲ್ಲಿ ಮೈರಾಡದ ಕಾರ್ಯಕರ್ತರು ಸಹಭಾಗಿತ್ವ ಗ್ರಾಮೀಣ ಸಮೀಕ್ಷೆಯನ್ನು, ಅಂದರೆ ಪಿಆರ್‌ಎ ವಿಧಾನವನ್ನು, ತಮ್ಮ ಯೋಜನಾ ಪ್ರದೇಶಗಳಲ್ಲಿ ಬೆಳೆಸಿದರು. ಇದರಲ್ಲಿ ಪ್ರಶ್ನಾವಳಿ ಹಿಂದೆ ಸರಿಯುತ್ತದೆ. ಊರವರು ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಎಲೆಗಳಿಂದ ತಮ್ಮ ಊರಿನ ನಕ್ಷೆ ಬಿಡಿಸುತ್ತಾರೆ. ನೀರು ಎಲ್ಲಿ ಹರಿಯುತ್ತದೆ, ಯಾರ ಹೊಲ ಕೊಚ್ಚಿಹೋಗುತ್ತದೆ, ಯಾವ ಮನೆಯವರು ಗುಳೆ ಹೋಗಿದ್ದಾರೆ ಎಂಬುದನ್ನು ಅವರೇ ಗುರುತಿಸುತ್ತಾರೆ. ಯಾವ ಸಮಸ್ಯೆ ದೊಡ್ಡದು ಎಂಬುದನ್ನು ಕಾಳು ಇಟ್ಟು ಎಣಿಸುತ್ತಾರೆ. ಓದು ಬರಹ ಬಾರದ ಹೆಣ್ಣುಮಕ್ಕಳೂ ಮಾಹಿತಿಯನ್ನು ವಿಶ್ಲೇಷಿಸುವವರಾದರು. ಇಂದು ದೇಶದ ಸಮಾಜಕಾರ್ಯ ಪಠ್ಯಗಳಲ್ಲಿ ಪಿಆರ್‌ಎ ಒಂದು ಅಧ್ಯಾಯ. ಆ ವಿಧಾನವನ್ನು ಹದಗೊಳಿಸಿದ ನೆಲಗಳಲ್ಲಿ ಕಲಬುರಗಿ ಸೀಮೆಯ ಹಳ್ಳಿಗಳೂ ಸೇರಿವೆ ಎಂಬುದು ಇಲ್ಲಿನ ವಿದ್ಯಾರ್ಥಿಗಳು ಅಭಿಮಾನದಿಂದ ತಿಳಿಯಬೇಕಾದ ಸಂಗತಿ.

ಮೈರಾಡಕ್ಕೆ ಸಂಬಂಧಿಸಿದ ಇನ್ನೊಂದು ಧನಸಹಾಯ ದೇಶದ ನೀತಿಯನ್ನೇ ಬದಲಿಸಿತು. ಬಡವರ ಸಣ್ಣ ಉಳಿತಾಯ ಗುಂಪುಗಳ ಕುರಿತ ಕ್ರಿಯಾ ಸಂಶೋಧನೆಗೆ ನಬಾರ್ಡ್ 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೀಡಿತು. ಗುಂಪಿನ ಒಳಗಿನ ನಂಬಿಕೆಯೇ ಸಾಲಕ್ಕೆ ಭದ್ರತೆಯಾಗಬಲ್ಲದು ಎಂಬ ಅನುಭವ ಅದರಿಂದ ದೃಢಪಟ್ಟಿತು. 1992ರಲ್ಲಿ 500 ಗುಂಪುಗಳ ಗುರಿಯೊಂದಿಗೆ ಸ್ವಸಹಾಯ ಗುಂಪು-ಬ್ಯಾಂಕ್ ಜೋಡಣೆಯ ಪ್ರಾಯೋಗಿಕ ಯೋಜನೆ ಆರಂಭವಾಯಿತು. 2000ದಲ್ಲಿ ಬಂದ ರಾಜ್ಯದ ಸ್ತ್ರೀಶಕ್ತಿ ಯೋಜನೆಯೂ ಗುಂಪು ಉಳಿತಾಯದ ಈ ದಾರಿಯಲ್ಲೇ ನಡೆಯಿತು.

ಫೆಲೋಶಿಪ್‌ಗಳು

ಸಂಶೋಧಕರಿಗೆ ವೈಯಕ್ತಿಕವಾಗಿ ಸಿಗುವ ಮುಖ್ಯ ನೆರವು ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್. ಎನ್‌ಇಟಿ ಪರೀಕ್ಷೆಯ ಮೂಲಕ ಸಿಗುವ ಈ ಮೊತ್ತ 2019ರಲ್ಲಿ ತಿಂಗಳಿಗೆ 31,000 ರೂಪಾಯಿಗೂ, 2023ರ ಜನವರಿಯಿಂದ 37,000 ರೂಪಾಯಿಗೂ ಏರಿತು. ಹಿರಿಯ ಫೆಲೋಶಿಪ್ 42,000 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ 2005-06ರಲ್ಲಿ ಬಂದ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಹಲವು ಕುಟುಂಬಗಳ ಮೊದಲ ತಲೆಮಾರಿನ ಸಂಶೋಧಕರಿಗೆ ಬಾಗಿಲು ತೆರೆಯಿತು. ಅಲ್ಪಸಂಖ್ಯಾತರಿಗೆ ಮೀಸಲಾಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಎನ್‌ಇಟಿ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಯುಜಿಸಿ ತಿಂಗಳಿಗೆ 8,000 ರೂಪಾಯಿ ನಿಗದಿಪಡಿಸಿತು.

ಯೋಜನೆಗಳ ಹಣಕ್ಕೆ ಐಸಿಎಸ್‌ಎಸ್‌ಆರ್ ಪ್ರಮುಖ ಆಸರೆ. 2018ರಲ್ಲಿ ಆರಂಭವಾದ ‘ಇಂಪ್ರೆಸ್’ ಯೋಜನೆಯಡಿ 1,500 ಸಂಶೋಧನೆಗಳಿಗಾಗಿ 414 ಕೋಟಿ ರೂಪಾಯಿ ತೆಗೆದಿರಿಸಲಾಗಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲೊಂದು ತೊಡಕಿದೆ. ಸಮಾಜಕಾರ್ಯದ ಎನ್‌ಇಟಿ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ರಾಜ್ಯದ ಕೆಸೆಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು; ಆದರೆ ಅದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆಯೇ ಹೊರತು ಫೆಲೋಶಿಪ್ ಕೊಡುವುದಿಲ್ಲ. ತಾಂಡಾದ, ಹಳ್ಳಿಯ ಬದುಕನ್ನು ಒಳಗಿನಿಂದ ಬಲ್ಲ ವಿದ್ಯಾರ್ಥಿಗೆ ಜೆಆರ್‌ಎಫ್ ಈ ಕಾರಣಕ್ಕೆ ದೂರವಾಗುವುದು ಸಂಶೋಧನೆಗೂ ನಷ್ಟ.

ವೃತ್ತಿ ಅವಕಾಶಗಳು

ಬೋಧನೆ ಮತ್ತು ಕಾರ್ಖಾನೆಗಳ ಆಚೆಗಿನ ಉದ್ಯೋಗಗಳನ್ನು ಹೆಚ್ಚಾಗಿ ಕಾನೂನು ಮತ್ತು ಸರ್ಕಾರಿ ಯೋಜನೆಗಳೇ ಸೃಷ್ಟಿಸಿವೆ. ಕೇಂದ್ರದ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಕರ್ನಾಟಕಕ್ಕೆ ಬಂದಾಗ ಬೀದರ್ ಮೊದಲ ಜಿಲ್ಲೆಗಳಲ್ಲಿ ಒಂದಾಗಿತ್ತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ನಡೆಸಿತು. ಆ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮ ರೂಪುಗೊಂಡು, ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಜಾಗ ಸಿಕ್ಕಿತು. 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕವನ್ನು ತಂದಿತು. ಈಗ ಅದು ಮಿಷನ್ ವಾತ್ಸಲ್ಯ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನವನ್ನು ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳಿಗೆ ಕೊಟ್ಟು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕೆಂದು ವಿಧಿಸಿತು. ಸೂಪರ್ ಮಾರ್ಕೆಟ್‌ನಂಥ ಜನನಿಬಿಡ ಪ್ರದೇಶದಲ್ಲಿ ಸಮೀಕ್ಷೆ, ಸಂಘಟನೆ, ಬ್ಯಾಂಕ್ ಜೋಡಣೆ ಇವೆಲ್ಲವೂ ತರಬೇತಿ ಪಡೆದ ಸಮಾಜಕಾರ್ಯಕರ್ತರ ಕೆಲಸ. 2013ರ ಕಂಪನಿ ಕಾಯ್ದೆಯ 135ನೇ ಕಲಂ ನಿಗದಿತ ಮಟ್ಟದ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆಂದು ಹೇಳಿದ ಮೇಲೆ, ಉದ್ಯಮಗಳ ಸಿಎಸ್‌ಆರ್ ವಿಭಾಗಗಳೂ ಎಂಎಸ್‌ಡಬ್ಲ್ಯು ಪದವೀಧರರನ್ನು ಕರೆಯತೊಡಗಿದವು.

371(ಜೆ) ವಿಧಿ

ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿದ್ದವು. ಈ ಹಿಂದುಳಿದ ಪ್ರದೇಶಕ್ಕೆ ವಿಶೇಷ ಅವಕಾಶ ಕಲ್ಪಿಸಲು ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ 2013ರಲ್ಲಿ ಜಾರಿಯಾಯಿತು. ಅದರಡಿ ಈ ಪ್ರದೇಶದ ರಾಜ್ಯ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ಪ್ರದೇಶದ ಸರ್ಕಾರಿ ಹುದ್ದೆಗಳಲ್ಲೂ ಮೀಸಲಾತಿ ಬಂದು, ಸ್ಥಳೀಯ ಸಮಾಜಕಾರ್ಯ ಪದವೀಧರರಿಗೆ ಸ್ಪರ್ಧೆಯಲ್ಲಿ ಗಟ್ಟಿ ನೆಲೆ ದೊರೆಯಿತು.

ಇಂದಿನ ಸ್ಥಿತಿ

ವಕೀಲರಿಗೆ, ದಾದಿಯರಿಗೆ ಇರುವಂಥ ಪ್ರತ್ಯೇಕ ಶಾಸನಬದ್ಧ ಪರಿಷತ್ತು ಸಮಾಜಕಾರ್ಯಕ್ಕೆ ಭಾರತದಲ್ಲಿಲ್ಲ. 2021ರ ಆರೋಗ್ಯ ಸಹಾಯಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಒಳಗೊಂಡಿದೆ. ಯೋಜನೆಗಳಲ್ಲಿನ ಹುದ್ದೆಗಳು ಬಹುಪಾಲು ಗುತ್ತಿಗೆಯವು. ಕಾಲೇಜುಗಳಲ್ಲಿ ಅನೇಕರು ಅತಿಥಿ ಉಪನ್ಯಾಸಕರಾಗಿಯೇ ಇದ್ದಾರೆ. ‘ಸಮಾಜಕಾರ್ಯದ ಹೆಜ್ಜೆಗಳು’ ಪತ್ರಿಕೆ ಈ ವಿಷಯದ ಬರಹಕ್ಕೆ ಕನ್ನಡದಲ್ಲಿ ವೇದಿಕೆ ಒದಗಿಸಿದೆ.

ಫೆಲೋಶಿಪ್ ಒಬ್ಬ ಸಂಶೋಧಕರನ್ನು ಕೆಲವು ವರ್ಷ ಸಲಹುತ್ತದೆ. ಕಮಲಾಪುರಕ್ಕೆ ಬಂದ ಹಣ ಊರವರನ್ನೂ ಅಧ್ಯಯನದ ಪಾಲುದಾರರನ್ನಾಗಿ ಮಾಡಿತು. ಅದರ ಫಲವನ್ನು ಬೇರೆ ಜಿಲ್ಲೆ, ಬೇರೆ ರಾಜ್ಯಗಳೂ ಉಂಡವು. ಪ್ರಾದೇಶಿಕ ಅಭಿವೃದ್ಧಿಯ ಹಣದಲ್ಲಿ ಕ್ಷೇತ್ರ ಸಂಶೋಧನೆಗೆ ಖಚಿತ ಪಾಲು, ಕನ್ನಡದಲ್ಲಿ ಅರ್ಜಿ ಸಲ್ಲಿಸುವ ಮತ್ತು ವರದಿ ಬರೆಯುವ ಅವಕಾಶ, ಅಧ್ಯಯನ ಮುಗಿದ ಮೇಲೆ ಅದೇ ಊರಿನಲ್ಲಿ ಕಾಯಂ ಹುದ್ದೆ ಇವು ಮೂರೂ ಕೂಡಿಬಂದರೆ ಅಂಥ ಕೆಲಸ ಈ ಸೀಮೆಯಲ್ಲಿ ಮತ್ತೆ ಸಾಧ್ಯ.