ಲಾಘವವೂ ಅಸಂದೇಹವೂ: ಕನ್ನಡ ವ್ಯಾಕರಣದ ಪ್ರಶ್ನೆಗಳ ಪದವಿನ್ಯಾಸವನ್ನು ಕುರಿತು

‘ಮರದಿಂದ’ ಎಂಬುದು ಯಾವ ವಿಭಕ್ತಿ? – ಈ ಪ್ರಶ್ನೆಯನ್ನೂ, ಇದರ ಕೆಳಗೆ ತೃತೀಯಾ, ಚತುರ್ಥೀ, ಪಂಚಮೀ, ಸಪ್ತಮೀ ಎಂದು ಸಾಲಾಗಿ ನಿಂತಿರುವ ನಾಲ್ಕು ಪರ್ಯಾಯಗಳನ್ನೂ ನೋಡಿದ ಪರಿಶೀಲಕನಿಗೆ ಮೇಲ್ನೋಟಕ್ಕೆ ಯಾವ ಕುಂದೂ ಕಾಣಿಸಲಾರದು. ಪ್ರಶ್ನವಾಕ್ಯವು ಇನ್ನು ಸಂಕ್ಷೇಪಿಸಲಾಗದಷ್ಟು ಚಿಕ್ಕದು. ಪರ್ಯಾಯಗಳು ನಾಲ್ಕೂ ಒಂದೇ ಜಾತಿಯವು, ಒಂದೇ ರೂಪದವು, ಹೆಚ್ಚು ಕಡಮೆ ಒಂದೇ ಉದ್ದದವು. ಆದರೂ ವ್ಯಾಕರಣವನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿಯೇ ಇಲ್ಲಿ ತಡವರಿಸುತ್ತಾನೆ. ‘ಇಂದ’ ಎಂಬ ಪ್ರತ್ಯಯವನ್ನು ನೋಡಿ ತೃತೀಯಾ ಎಂದವನೂ ತಪ್ಪಲ್ಲ, ‘ಮರದಿಂದ ಹಣ್ಣು ಬಿದ್ದಿತು’ ಎಂಬ ಪ್ರಯೋಗವನ್ನು ನೆನೆದು ಅಗಲಿಕೆಯ ಅರ್ಥವನ್ನು ಹಿಡಿದು ಪಂಚಮೀ ಎಂದವನೂ ತಪ್ಪಲ್ಲ. ಸಂಕ್ಷಿಪ್ತತೆ, ಸಮರೂಪತೆ ಎಂಬ ಎರಡು ಗುಣಗಳು ಪೂರ್ಣವಾಗಿದ್ದೂ ಸ್ಪಷ್ಟತೆಯೆಂಬ ಮೂರನೆಯದು ಇಲ್ಲದಿರುವುದು ಹೇಗೆ ಸಾಧ್ಯವಾಯಿತೆಂಬುದೇ ಪ್ರಕೃತ ಲೇಖನದ ವಿಚಾರ.

ಬಹುಆಯ್ಕೆಯ ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಅಮೆರಿಕದ ಕಾನ್ಸಾಸ್ ಪ್ರಾಂತದಲ್ಲಿ ಫ್ರೆಡರಿಕ್ ಕೆಲಿ 1915ರ ಸುಮಾರಿಗೆ ರಚಿಸಿದ ಮೌನವಾಚನ ಪರೀಕ್ಷೆಯನ್ನು ಅದರ ಮೊದಲ ಮಾದರಿಗಳಲ್ಲಿ ಒಂದೆಂದು ಸಾಮಾನ್ಯವಾಗಿ ಎಣಿಸುತ್ತಾರೆ; ಪ್ರಶ್ನೆಗೆ ಒಂದೇ ಅರ್ಥವೂ ಒಂದೇ ಉತ್ತರವೂ ಇರತಕ್ಕದ್ದೆಂಬ ನಿಯಮವು ಅಂದಿನಿಂದಲೇ ಅದರ ಬೆನ್ನಿಗಿದೆ. ಮುಂದೆ ಹಲಡೈನಾ ಮತ್ತು ಡೌನಿಂಗ್ ಎಂಬ ವಿದ್ವಾಂಸರು ಪಠ್ಯಗ್ರಂಥಗಳಲ್ಲಿ ಚದರಿದ್ದ ಸಲಹೆಗಳನ್ನು 1989ರಲ್ಲಿ 43 ನಿಯಮಗಳಾಗಿ ಕ್ರೋಡೀಕರಿಸಿದರು. 2002ರಲ್ಲಿ ರೊಡ್ರಿಗೆಜ್ ಅವರೊಡಗೂಡಿ ಅವನ್ನು 31ಕ್ಕೆ ಇಳಿಸಿದರು. ಓದುವ ಭಾರವನ್ನು ಕನಿಷ್ಠವಾಗಿಸಬೇಕು, ಪ್ರಶ್ನೆಯ ಹೃದಯವು ಪ್ರಶ್ನವಾಕ್ಯದಲ್ಲಿಯೇ ಇರಬೇಕು, ಪರ್ಯಾಯಗಳು ವಿಷಯದಲ್ಲಿಯೂ ವ್ಯಾಕರಣರೂಪದಲ್ಲಿಯೂ ಏಕಜಾತೀಯವಾಗಿರಬೇಕು, ಅವುಗಳ ಉದ್ದವು ಸರಿಸುಮಾರು ಒಂದೇ ಆಗಿರಬೇಕು – ಈ ವಿಧಿಗಳಿಗೆ ಇಂದು ಪ್ರತಿವಾದಿಗಳು ವಿರಳ. ಪ್ರಕೃತ ಲೇಖಕನೂ ಇವನ್ನು ತಳ್ಳಿಹಾಕುವವನಲ್ಲ. ಇತರ ಶಾಸ್ತ್ರಗಳ ಪ್ರಶ್ನೆಗಳಲ್ಲಿ ಪದರೂಪವು ಕೇವಲ ಉಡುಗೆ. ವ್ಯಾಕರಣದ ಪ್ರಶ್ನೆಯಲ್ಲಾದರೋ ಪದರೂಪವೇ ಪರೀಕ್ಷ್ಯವಸ್ತು. ಆದುದರಿಂದ ಅಲ್ಲಿಗೆ ಹೊಂದಿದ ವಿಧಿಯು ಇಲ್ಲಿಗೂ ಹಾಗೆಯೇ ಹೊಂದುವುದೆಂದು ಭಾವಿಸಲಾಗದು ಎಂಬುದಿಷ್ಟೇ ನಮ್ಮ ಆಕ್ಷೇಪ.

ಮೊದಲು ಕನ್ನಡದ ವಾಕ್ಯಸ್ವಭಾವದಿಂದಲೇ ಹುಟ್ಟುವ ತೊಡಕೊಂದನ್ನು ನೋಡಬಹುದು. ಇಂಗ್ಲಿಷಿನಲ್ಲಿ ಅಪೂರ್ಣ ಹೇಳಿಕೆಯ ತೆರವು ಬಹುಮಟ್ಟಿಗೆ ವಾಕ್ಯದ ತುದಿಯಲ್ಲಿರುತ್ತದೆ. ಕ್ರಿಯಾಪದವು ಕೊನೆಗೆ ಬರುವ ಕನ್ನಡದಲ್ಲಿ ತೆರವು ವಾಕ್ಯದ ನಡುವೆ ಬಿದ್ದು, ಅದರ ಬೆನ್ನಿಗೆ ಒಂದು ಪ್ರತ್ಯಯವೋ ಕ್ರಿಯಾಪದವೋ ತಗುಲಿಕೊಂಡಿರುತ್ತದೆ. ಹೀಗೆ ತಗುಲಿಕೊಂಡ ತುಣುಕೇ ಗುಟ್ಟನ್ನು ಬಿಟ್ಟುಕೊಡುವುದುಂಟು. ತೆರವಿನ ಮುಂದೆ ‘ಕ್ಕೆ’ ಎಂದು ಬರೆದು ಮರ, ಮನೆ, ನದಿ, ಗುರು ಎಂಬ ಪರ್ಯಾಯಗಳನ್ನು ಕೊಟ್ಟರೆ ಅಕಾರಾಂತವಾದ ನಪುಂಸಕಲಿಂಗದ ‘ಮರ’ವೊಂದಲ್ಲದೆ ಬೇರೆಯದು ಅಲ್ಲಿ ಕೂರದು. ‘ಯಲ್ಲಿ’ ಎಂದು ಬರೆದರೆ ಅಕಾರಾಂತಗಳೂ ಉಕಾರಾಂತಗಳೂ ಹೊರಬೀಳುತ್ತವೆ; ‘ಆಗಿದ್ದಾಳೆ’ ಎಂದರೆ ಪುಲ್ಲಿಂಗದ ಪರ್ಯಾಯಗಳು ತಾವಾಗಿ ಜಾರಿಹೋಗುತ್ತವೆ. ಪರ್ಯಾಯಗಳನ್ನು ತಮ್ಮತಮ್ಮೊಳಗೆ ಸಮರೂಪವಾಗಿಸಿದರೆ ಸಾಲದು, ಪ್ರಶ್ನವಾಕ್ಯದೊಡನೆಯೂ ಅವು ಸಮವಾಗಿ ಹೊಂದಿಕೊಳ್ಳಬೇಕು. ಇದಕ್ಕೆ ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ತೆರವಿನ ಮುಂದೆ ‘ಎಂಬ ಪದ’ ಎಂದೋ ‘ಎಂಬುದು’ ಎಂದೋ ಸೇರಿಸಿದೊಡನೆ ಅದು ಅನುಕರಣದ ಸ್ಥಾನವಾಗಿ ಮಾರ್ಪಟ್ಟು, ಯಾವ ಅಂತ್ಯದ, ಯಾವ ಲಿಂಗದ ಪದವನ್ನಾದರೂ ಪಕ್ಷಪಾತವಿಲ್ಲದೆ ಒಳಗೊಳ್ಳುತ್ತದೆ. ಎರಡು ಅಕ್ಷರ ಹೆಚ್ಚಾದವೆಂದು ಇದನ್ನು ಹೊಡೆದುಹಾಕುವ ಸಂಪಾದಕರು ತಾವು ಅಳಿಸಿದುದೇನೆಂಬುದನ್ನು ಅರಿತಂತಿಲ್ಲ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ನೀಲೋತ್ಪಲ’ ಎಂಬುದು ಯಾವ ಸಮಾಸವೆಂದು ಕೇಳಿ ತತ್ಪುರುಷ, ಕರ್ಮಧಾರಯ, ದ್ವಿಗು, ಬಹುವ್ರೀಹಿ ಎಂದು ಪರ್ಯಾಯಗಳನ್ನು ಕೊಟ್ಟಾಗ ಕಣ್ಣಿಗೆ ನಾಲ್ಕು ಸಮಾನಸ್ಕಂಧರು ಕಾಣಿಸುತ್ತಾರೆ. ಪಾಣಿನಿಯ ಮತದಲ್ಲಿಯಾದರೋ ಕರ್ಮಧಾರಯವು ಸಮಾನಾಧಿಕರಣವಾದ ತತ್ಪುರುಷವೇ. ದ್ವಿಗುವೂ ತತ್ಪುರುಷಸಂಜ್ಞೆಯನ್ನು ಪಡೆದುದೇ. ಒಂದು ಪರ್ಯಾಯವು ಇನ್ನೊಂದರ ಹೊಟ್ಟೆಯೊಳಗಿರುವಾಗ ಅವೆರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸುವುದು ರೂಪದಿಂದ ಸಮಾನಾಂತರ, ತತ್ತ್ವದಿಂದ ವಿಷಮ. ಶಾಲಾವ್ಯಾಕರಣಗಳು ಇವನ್ನು ಪ್ರತ್ಯೇಕವಾಗಿಯೇ ಎಣಿಸುವುದರಿಂದ ನಮ್ಮ ಮಕ್ಕಳಿಗೆ ಬಾಧೆಯಿಲ್ಲವೆನ್ನಬಹುದು. ಸಂಸ್ಕೃತವನ್ನೂ ಓದಿದ ಮಗುವಿಗೆ ಬಾಧೆಯುಂಟು. ‘ಊರೂರು’ ಎಂಬ ಪದವನ್ನು ಕೊಟ್ಟು ಒಂದೇ ಪಟ್ಟಿಯಲ್ಲಿ ಲೋಪಸಂಧಿಯನ್ನೂ ದ್ವಿರುಕ್ತಿಯನ್ನೂ ಇರಿಸಿದರೆ ಎರಡೂ ಸರಿಯುತ್ತರಗಳಾಗುತ್ತವೆ. ಏಕೆಂದರೆ ಒಂದು ಪದವು ಸಂಧಿಯ ದೃಷ್ಟಿಯಿಂದ ಒಂದಾಗಿಯೂ ಪದರಚನೆಯ ದೃಷ್ಟಿಯಿಂದ ಮತ್ತೊಂದಾಗಿಯೂ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸಮರೂಪತೆಯೆಂದರೆ ಪದಗಳ ಆಕಾರಸಾಮ್ಯವಲ್ಲ, ವಿಭಾಗಕ್ಕೆ ಆಧಾರವಾದ ಧರ್ಮದ ಏಕತೆ ಎಂದು ಹಲಡೈನಾ ಮೊದಲಾದವರ ವಿಧಿಯನ್ನು ವ್ಯಾಕರಣದ ಮಟ್ಟಿಗೆ ತಿದ್ದಿಕೊಳ್ಳುವುದು ಲೇಸು.

ಈಗ ಮೊದಲ ಪ್ರಶ್ನೆಗೆ ಮರಳೋಣ. ಅಲ್ಲಿಯ ದೋಷವು ಪರ್ಯಾಯಗಳದಲ್ಲ, ಪ್ರಶ್ನವಾಕ್ಯದ ಅತಿಸಂಕ್ಷೇಪದ್ದು. ಪಾಣಿನಿಯು ಕಾರಕಗಳನ್ನು ಒಂದೆಡೆ, ವಿಭಕ್ತಿಗಳನ್ನು ಮತ್ತೊಂದೆಡೆ ಹೇಳಿ, ಇಂಥ ಕಾರಕಕ್ಕೆ ಇಂಥ ವಿಭಕ್ತಿಯೆಂದು ಬೇರೆ ಸೂತ್ರಗಳಿಂದ ಅವೆರಡನ್ನು ಬೆಸೆದನು. ತೃತೀಯೆಯೊಂದೇ ಕರ್ತೃವಿಗೂ ಕರಣಕ್ಕೂ ಸಲ್ಲುವುದೆಂದು ಅವನೇ ವಿಧಿಸಿರುವುದರಿಂದ ಅರ್ಥವೂ ರೂಪವೂ ಒಂದಕ್ಕೊಂದು ಅಚ್ಚೊತ್ತಿದಂತಿಲ್ಲವೆಂಬುದು ಅವನಿಗೆ ಸ್ಪಷ್ಟವಾಗಿಯೇ ಇದ್ದಿತು. ಕೇಶಿರಾಜನು ಹಳಗನ್ನಡದ ಪಂಚಮಿಗೆ ‘ಅತ್ತಣಿಂ’ ಎಂಬ ಬೇರೆ ಪ್ರತ್ಯಯವನ್ನು ಹೇಳಿದನು. ಶಾಲಾವ್ಯಾಕರಣಗಳು ಅದರ ಸ್ಥಾನದಲ್ಲಿ ‘ದೆಸೆಯಿಂದ’ ಎಂಬುದನ್ನು ಕೂರಿಸಿವೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂದು ಇಂದು ಯಾವ ಕನ್ನಡಿಗನೂ ಆಡುವುದಿಲ್ಲ. ಹೊಸಗನ್ನಡದಲ್ಲಿ ಅಗಲಿಕೆಗೂ ಸಾಧನಕ್ಕೂ ‘ಇಂದ’ವೇ ಬಳಕೆಯಲ್ಲಿರುವಾಗ, ಯಾವ ವಿಭಕ್ತಿಯೆಂಬ ಮೊಟಕು ಪ್ರಶ್ನೆಯು ರೂಪವನ್ನು ಕೇಳುತ್ತಿದೆಯೋ ಅರ್ಥವನ್ನು ಕೇಳುತ್ತಿದೆಯೋ ಹೇಳಬಲ್ಲವರಾರು?

ಕನ್ನಡ ಪಂಡಿತವರ್ಗದಲ್ಲಿ ಬಹುಕಾಲದಿಂದ ಬೇರೂರಿದ ಒಂದು ಅಭಿಪ್ರಾಯವನ್ನು ಇಲ್ಲಿ ಎದುರಿಸಬೇಕಾಗಿದೆ. ವ್ಯಾಕರಣವು ಸೂತ್ರಶಾಸ್ತ್ರವಾದುದರಿಂದ ಅದರ ಪ್ರಶ್ನೆಯೂ ಸೂತ್ರಪ್ರಾಯವಾಗಿರಬೇಕು, ಒಂದು ಪದ ಹೆಚ್ಚಾದರೂ ಅದು ಪ್ರಶ್ನಕಾರನ ಅಸಾಮರ್ಥ್ಯವೆಂಬುದೇ ಆ ಅಭಿಪ್ರಾಯ. ಅರ್ಧಮಾತ್ರೆಯ ಉಳಿತಾಯದಿಂದ ವೈಯಾಕರಣರು ಪುತ್ರೋತ್ಸವದ ಸಂತೋಷವನ್ನು ಪಡುವರೆಂಬ ಪ್ರಸಿದ್ಧ ಪರಿಭಾಷೆಯನ್ನು ಇದಕ್ಕೆ ಬೆಂಬಲವಾಗಿ ಉದಾಹರಿಸುವುದುಂಟು. ಆದರೆ ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಶಬ್ದಾನುಶಾಸನದ ಪ್ರಯೋಜನಗಳನ್ನು ಎಣಿಸುವಾಗ ರಕ್ಷೆ, ಊಹ, ಆಗಮಗಳ ಬಳಿಕ ಲಾಘವವನ್ನೂ ಅಸಂದೇಹವನ್ನೂ ಎರಡಾಗಿಯೇ ಎಣಿಸಿದ್ದಾನೆಂಬುದು ಗಮನಾರ್ಹ. ಲಾಘವವಿದ್ದಲ್ಲಿ ಅಸಂದೇಹವು ತಾನಾಗಿ ಬರುವುದಾಗಿದ್ದರೆ ಎರಡನ್ನು ಬೇರೆ ಹೇಳುವ ಅಗತ್ಯವೇ ಇರಲಿಲ್ಲ. ಪತಂಜಲಿಯು ಅಲ್ಲಿ ಹೇಳುತ್ತಿರುವುದು ವ್ಯಾಕರಣಾಧ್ಯಯನದ ಫಲಗಳನ್ನೇ ಹೊರತು ವಾಕ್ಯರಚನೆಯ ವಿಧಿಗಳನ್ನಲ್ಲ ಎಂಬುದನ್ನು ನಾವು ಬಲ್ಲೆವು; ಆದುದರಿಂದ ಈ ಸಾಕ್ಷ್ಯವನ್ನು ಪ್ರಮಾಣವೆಂದಲ್ಲ, ಸೂಚನೆಯೆಂದು ಮಾತ್ರ ಮುಂದಿಡುತ್ತೇವೆ.

ಇದಕ್ಕಿಂತ ಬಲವಾದ ಯುಕ್ತಿಯು ಬೇರೊಂದು ಪರಿಭಾಷೆಯಲ್ಲಿದೆ. ಸಂದೇಹವುಂಟಾದ ಮಾತ್ರಕ್ಕೆ ಸೂತ್ರವು ಸೂತ್ರವಲ್ಲವೆನಿಸದು, ವಿಶೇಷಾರ್ಥವು ವ್ಯಾಖ್ಯಾನದಿಂದ ತಿಳಿಯುವುದೆಂದು ವೈಯಾಕರಣರೇ ಒಪ್ಪಿಕೊಂಡಿದ್ದಾರೆ. ಸೂತ್ರದ ಸಂಕ್ಷೇಪವು ಸಾಧುವಾದುದು ಅದರ ಹಿಂದೆ ವೃತ್ತಿಯೂ ಭಾಷ್ಯವೂ ಗುರುಮುಖವೂ ಇರುವುದರಿಂದ. ಕೇಶಿರಾಜನು ಕಂದಪದ್ಯಗಳಲ್ಲಿ ಸೂತ್ರಗಳನ್ನು ರಚಿಸಿ ತಾನೇ ವೃತ್ತಿಯನ್ನು ಬರೆದನು. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ವ್ಯಾಕರಣವನ್ನು ಅಡಗಿಸಿದನಾದರೂ, ಅಷ್ಟಕ್ಕೆ ತೃಪ್ತನಾಗದೆ ‘ಭಾಷಾಮಂಜರಿ’ಯೆಂಬ ವೃತ್ತಿಯನ್ನೂ, ಅದರ ಮೇಲೆ ‘ಮಂಜರೀಮಕರಂದ’ವೆಂಬ ವ್ಯಾಖ್ಯಾನವನ್ನೂ ಬರೆಯಬೇಕಾಯಿತು. ತನ್ನ ಮಾತನ್ನು ತಾನೇ ಎರಡು ಸಲ ಬಿಡಿಸಿ ಹೇಳಿದವನನ್ನು ಮೊಟಕುತನಕ್ಕೆ ಆದರ್ಶವಾಗಿ ಹಿಡಿಯುವುದು ಅರ್ಧ ಪುಸ್ತಕವನ್ನು ಓದಿದಂತೆಯೇ ಸರಿ. ಪರೀಕ್ಷಾಮಂದಿರದಲ್ಲಿ ವ್ಯಾಖ್ಯಾನಕಾರನಿಲ್ಲ, ಮೇಲ್ವಿಚಾರಕನು ಬಾಯಿಬಿಡುವಂತಿಲ್ಲ. ಆದುದರಿಂದ ಲಾಘವಕ್ಕೂ ಅಸಂದೇಹಕ್ಕೂ ವಿರೋಧ ಬಂದಲ್ಲಿ ಪ್ರಶ್ನಕಾರನು ಲಾಘವವನ್ನೇ ಬಿಡತಕ್ಕದ್ದು, ಮತ್ತು ಪ್ರಶ್ನೆಯೇ ತನ್ನ ವ್ಯಾಖ್ಯಾನವನ್ನು ತನ್ನೊಳಗೆ ಹೊತ್ತುಕೊಂಡಿರಬೇಕು ಎಂಬುದು ನಮ್ಮ ಪ್ರತಿಜ್ಞೆ.

ಪ್ರತಿಜ್ಞೆಯು ದಿಟ್ಟವಾಗಿರುವುದರಿಂದ ಅದರ ಎಲ್ಲೆಗಳನ್ನೂ ಹೇಳಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯಂತಹ ಕಡೆ ಎಲ್ಲ ವಿದ್ಯಾರ್ಥಿಗಳಿಗೂ ನಿಯತವಾದ ಪಠ್ಯಪುಸ್ತಕವಿದ್ದು ಅದೇ ವ್ಯಾಖ್ಯಾನದ ಕೆಲಸವನ್ನು ಮಾಡುತ್ತದೆಂಬ ಸಮಾಧಾನವು ತಕ್ಕಮಟ್ಟಿಗೆ ಸರಿಯೇ. ಅಲ್ಲಿ ಪುಸ್ತಕದ ಪರಿಭಾಷೆಯನ್ನು ಅನುಸರಿಸಿದ ಮೊಟಕು ಪ್ರಶ್ನೆಯನ್ನು ದೂಷಿಸುವುದಕ್ಕೆ ನಾವು ಹಿಂಜರಿಯುತ್ತೇವೆ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿಯೂ ಲೋಕಸೇವಾ ಆಯೋಗದ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿಯೂ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ವ್ಯಾಕರಣಗಳನ್ನು ಓದಿದವರು ಒಟ್ಟಿಗೆ ಕುಳಿತಿರುತ್ತಾರೆ. ಆ ಸಮಾಧಾನವು ಅವರಿಗೆ ಸಾಲದು. ಇನ್ನು ಪ್ರಶ್ನವಾಕ್ಯವನ್ನು ಹಿಗ್ಗಿಸಿದರೆ ವ್ಯಾಕರಣಕ್ಕೆ ಬದಲಾಗಿ ವಾಚನಶಕ್ತಿಯೇ ಪರೀಕ್ಷಿತವಾದೀತೆಂಬ ಆಕ್ಷೇಪವು ಅಲಕ್ಷ್ಯವಾದುದಲ್ಲ. ‘ಮರದಿಂದ ಹಣ್ಣು ಬಿದ್ದಿತು’ ಎಂಬ ವಾಕ್ಯದಲ್ಲಿ ‘ಮರದಿಂದ’ ಎಂಬ ಪದವು ಯಾವ ಕಾರಕಾರ್ಥವನ್ನು ಸೂಚಿಸುತ್ತದೆ ಎಂದು ಕೇಳಿ ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಪರ್ಯಾಯಗಳನ್ನಿತ್ತರೆ ಪ್ರಶ್ನೆಯು ಮೊದಲಿಗಿಂತ ಬಹಳ ಉದ್ದವಾಗುವುದು ನಿಜ. ಆದರೆ ಉದ್ದವಾದುದು ಒಮ್ಮೆ ಮಾತ್ರ ಓದುವ ಪ್ರಶ್ನವಾಕ್ಯವೇ ಹೊರತು ಮತ್ತೆಮತ್ತೆ ತೂಗಿನೋಡುವ ಪರ್ಯಾಯಗಳಲ್ಲ, ಉತ್ತರವಾದರೋ ಒಂದೇ.

ಲಾಘವವನ್ನು ಕಳೆದುಕೊಳ್ಳದೆ ಅಸಂದೇಹವನ್ನು ಪಡೆಯುವ ಹಾದಿಯೂ ಒಂದುಂಟು. ಅದು ನಮ್ಮ ಶಾಲಾಪ್ರಶ್ನಪತ್ರಿಕೆಗಳಲ್ಲಿಯೇ ಇದ್ದೂ ವಿದ್ವಾಂಸರ ವಿಚಾರಕ್ಕೆ ಹೆಚ್ಚಾಗಿ ಬಂದಂತೆ ಕಾಣದು. ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಸಂಬಂಧಿಸಿದ ನಾಲ್ಕನೆಯ ಪದವನ್ನು ಬರೆಯಬೇಕಾದ ಪ್ರಶ್ನೆಯೇ ಅದು. ‘ಮಳೆಗಾಲ’ ಎಂಬ ಪದವು ಸಂಧಿಯಲ್ಲಿ ಆದೇಶ, ಸಮಾಸದಲ್ಲಿ ತತ್ಪುರುಷ. ಬರಿದಾಗಿ ಕೇಳಿದರೆ ಗೊಂದಲ. ‘ಮಳೆಗಾಲ : ಆದೇಶಸಂಧಿ :: ಮನೆಯಲ್ಲಿ : ...’ ಎಂದೊಡನೆ ಕೇಳುತ್ತಿರುವುದು ಸಂಧಿಯೆಂಬುದು ಮೊದಲ ಜೋಡಿಯಿಂದಲೇ ಗೊತ್ತಾಗಿ, ಯಕಾರಾಗಮವನ್ನು ಕಂಡ ವಿದ್ಯಾರ್ಥಿಯು ಆಗಮಸಂಧಿಯೆಂದು ನಿಸ್ಸಂಶಯವಾಗಿ ಬರೆಯುತ್ತಾನೆ. ಇಲ್ಲಿ ಸಮಾನಾಂತರತೆಯೇ ವ್ಯಾಖ್ಯಾನ. ಅದೇ ಕ್ರಮದಲ್ಲಿ ‘ಕತ್ತಿಯಿಂದ ಕಡಿದನು : ಕರಣ :: ಮರದಿಂದ ಬಿದ್ದಿತು : ...’ ಎಂದು ಕೇಳಿದರೆ ರೂಪಸಾಮ್ಯವಿದ್ದೂ ಅರ್ಥಭೇದವಿರುವುದನ್ನು ವಿದ್ಯಾರ್ಥಿಯು ಗುರುತಿಸಬೇಕಾಗುತ್ತದೆ. ವಿಭಕ್ತಿಯ ಕ್ರಮಸಂಖ್ಯೆಯ ಕಂಠಪಾಠವನ್ನು ಕೇಳುವ ಪ್ರಶ್ನೆಗಿಂತ ಇದು ಭಾಷಾಜ್ಞಾನಕ್ಕೆ ಹತ್ತಿರವಾದುದು.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಡಿ. ಎನ್. ಶಂಕರ ಭಟ್ಟರ ಮತವನ್ನು ಅನುಸರಿಸುವವರು, ಇವೆಲ್ಲವೂ ಪ್ರಶ್ನೆಯ ದೋಷಗಳಲ್ಲ, ಸಂಸ್ಕೃತದ ಚೌಕಟ್ಟನ್ನು ಕನ್ನಡದ ಮೇಲೆ ಹೊರಿಸಿದ್ದರ ಫಲವೆಂದಾರು. ಪಂಚಮಿಯ ವಿಷಯದಲ್ಲಿ ಅವರ ಮಾತಿಗೆ ತೂಕವಿದೆ. ಆದರೆ ‘ಕ್ಕೆ’ ಪ್ರತ್ಯಯವು ಗುಟ್ಟನ್ನು ಬಿಟ್ಟುಕೊಡುವುದೂ, ಊರೂರು ಎಂಬುದಕ್ಕೆ ಎರಡು ಉತ್ತರಗಳೊದಗುವುದೂ ಯಾವ ವ್ಯಾಕರಣವನ್ನು ಒಪ್ಪಿದರೂ ತಪ್ಪುವುದಿಲ್ಲವಾದುದರಿಂದ, ವ್ಯಾಕರಣವು ಸುಧಾರಿಸುವವರೆಗೆ ಪ್ರಶ್ನವಾಕ್ಯವು ಕಾಯಬೇಕಾಗಿಲ್ಲ.

ಪದವಿನ್ಯಾಸದ ಯಾವ ಜಾಣ್ಮೆಯೂ ನೀಗಲಾರದ ಸ್ಥಳಗಳು ಉಳಿದೇ ಇವೆ. ಗಮಕಸಮಾಸದ ಪೂರ್ವಪದದಲ್ಲಿ ಸರ್ವನಾಮ, ಕೃದಂತಗಳ ಜೊತೆಗೆ ಗುಣವಾಚಕವನ್ನೂ ಸೇರಿಸಿಕೊಳ್ಳುವ ಲಕ್ಷಣವನ್ನು ಒಪ್ಪಿದರೆ ಅದಕ್ಕೂ ಕರ್ಮಧಾರಯಕ್ಕೂ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕು? ‘ಆ ಮರ’ ಎಂಬುದು ಸಮಾಸವೋ, ಬರಿಯ ಪದಸಮೂಹವೋ? ಸಂಬಂಧದ ಜೋಡಿಯನ್ನು ಮುಂದಿಟ್ಟರೂ ಇಲ್ಲಿ ಸಂದೇಹವು ತೀರುವುದೆಂದು ಹೇಳಲಾರೆವು. ಇಂಥ ಪದಗಳನ್ನು ಪ್ರಶ್ನಪತ್ರಿಕೆಯಿಂದ ಹೊರಗಿಡುವುದೇ ಸದ್ಯಕ್ಕೆ ಕ್ಷೇಮವೆಂದು ತೋರುತ್ತದೆ. ಒಂದೇ ಪ್ರಶ್ನೆಯನ್ನು ಮೊಟಕಾಗಿಯೂ ಬಿಡಿಸಿಯೂ ಬರೆದು ಸಮಾನಶಕ್ತಿಯ ಎರಡು ತರಗತಿಗಳ ಮುಂದಿಟ್ಟು ಉತ್ತರಗಳನ್ನು ಹೋಲಿಸಿ ನೋಡುವ ಕೆಲಸವನ್ನು ಅಧ್ಯಾಪಕರಲ್ಲಿ ಯಾರಾದರೂ ಕೈಗೊಂಡರೆ, ನಮ್ಮ ಪ್ರತಿಜ್ಞೆಯ ಎಷ್ಟು ಭಾಗ ನಿಲ್ಲುವುದೆಂಬುದು ತಿಳಿದೀತು.