ಸುಣ್ಣದ ಬಿಳಿಯೋ, ಕಾವಿಯ ಕೆಂಪೋ? ಮನೆಯೊಳಗೆ ಬಣ್ಣ ಆರಿಸುವ ಬಗೆ

ಪೊಂಗಲ್ ಹತ್ತಿರ ಬಂದಂತೆ ಸೇಲಂ, ಧರ್ಮಪುರಿ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೆ ಸುಣ್ಣ ಬಳಿಯುವ ಕೆಲಸ ಶುರುವಾಗುತ್ತದೆ. ತಮಿಳರು ಇದನ್ನೇ 'ವೆಳ್ಳೈ ಅಡಿಪ್ಪದು' ಎನ್ನುತ್ತಾರೆ. ಬಿಳಿ ಸುಣ್ಣ, ಕೆಂಪು ಕಾವಿ ಎರಡೂ ಇಲ್ಲಿನ ಹಳೆಯ ಬಣ್ಣಗಳು. ಒಳಗೋಡೆಗೆ ಇವೆರಡರಲ್ಲಿ ಯಾವುದು ಸೂಕ್ತ?

ಬಿಳಿಯ ಗುಣ

ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕಿಟಕಿ ಚಿಕ್ಕದಿದ್ದರೆ ಇದೇ ಒಳ್ಳೆಯದು. ಸುಣ್ಣದಲ್ಲಿ ಕ್ಷಾರವಿರುವುದರಿಂದ ಬೂಷ್ಟು ಬೇಗ ಹಿಡಿಯದು. ಆದರೆ ಒರಗಿದರೆ ಬಟ್ಟೆಗೆ ಅಂಟುತ್ತದೆ, ಒಲೆಯ ಹೊಗೆ ಎದ್ದು ಕಾಣುತ್ತದೆ. ಸೇಲಂ ಬಳಿಯ ಚಾಕ್ ಹಿಲ್ಸ್‌ನ ಬಿಳಿ ಕಲ್ಲು ಸುಣ್ಣಕಲ್ಲಲ್ಲ, ಅದು ಮ್ಯಾಗ್ನಸೈಟ್. ಸುಣ್ಣ ನೆನೆಸುವಾಗ ನೀರಿಗೆ ಸುಣ್ಣ ಹಾಕಬೇಕು. ಅದು ಕುದಿಯುವಾಗ ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಸಿಡಿದರೆ ಅಪಾಯ.

ಕೆಂಪಿನ ಗುಣ

ಕಾವಿಯ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ಇದು ಸುಣ್ಣದೊಡನೆ ಬೆರೆತರೂ ಮಾಸುವುದಿಲ್ಲ. ಕೈಗುರುತು, ಮಣ್ಣು ಕಾಣಿಸುವುದು ಕಡಿಮೆ. ಆದರೆ ನಾಲ್ಕೂ ಗೋಡೆಗೆ ಬಳಿದರೆ ಹಗಲಲ್ಲೂ ದೀಪ ಬೇಕಾಗುತ್ತದೆ. ಒಳಗೆ ಗಾಢ ಬಣ್ಣ ಬಳಿದರೆ ಸೆಕೆ ಹೆಚ್ಚುತ್ತದೆ ಎಂಬ ಮಾತಿದೆ. ನಿಜವಾಗಿ ಸೆಕೆಗೆ ಮುಖ್ಯ ಕಾರಣ ಬಿಸಿಲು ಬೀಳುವ ಮಾಳಿಗೆ ಮತ್ತು ಹೊರಗೋಡೆ.

ಎರಡನ್ನೂ ಬಳಸುವುದು ಹೇಗೆ?

ಹಿರಿಯರ ಕ್ರಮ ಸರಳ: ಸೊಂಟದೆತ್ತರದವರೆಗೆ ಕೆಂಪು, ಮೇಲೆಲ್ಲ ಬಿಳಿ. ಕೊಳೆಯಾಗುವ ಜಾಗಕ್ಕೆ ಗಾಢ ಬಣ್ಣ, ಬೆಳಕು ಬೇಕಾದ ಕಡೆ ತಿಳಿ ಬಣ್ಣ. ಇಲ್ಲವೇ ಒಂದೇ ಗೋಡೆಗೆ ಕೆಂಪು ಬಳಿಯಬಹುದು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಗೋಡೆಗಳು ಒಟ್ಟು 440 ಚದರಡಿ. ಉದ್ದದ ಒಂದು ಗೋಡೆ 120 ಚದರಡಿ, ಅಂದರೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ಕಿಟಕಿಯ ಎದುರಿನ ಗೋಡೆ ಬಿಳಿಯಾಗಿಯೇ ಇರಲಿ.

ಮೊದಲು ಎರಡೆರಡು ಅಡಿ ಬಳಿದು, ಒಣಗಿದ ಮೇಲೆ ಬೆಳಿಗ್ಗೆಯೂ ರಾತ್ರಿ ದೀಪದಲ್ಲಿಯೂ ನೋಡಬೇಕು. ಸುಣ್ಣ ಒಣಗಿದ ಮೇಲಷ್ಟೇ ಬೆಳ್ಳಗಾಗುತ್ತದೆ. ಎಮಲ್ಷನ್ ಬಳಿದ ಗೋಡೆಯ ಮೇಲೆ ಸುಣ್ಣ ನಿಲ್ಲದು.

ಸೀಸದ ಬಗ್ಗೆ ಎಚ್ಚರ

ಅಂಗಡಿಯ ಡಬ್ಬಿ ಬಣ್ಣ ಕೊಳ್ಳುವವರು ಇದನ್ನು ಮರೆಯಬಾರದು. ಹಳೆಯ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹೊಳೆಯುವ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಹೆಚ್ಚಾಗಿರುತ್ತಿತ್ತು. ಅದು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಕೇಂದ್ರ ಸರ್ಕಾರದ 2016ರ ನಿಯಮದಂತೆ, 2017ರ ನವೆಂಬರ್ 1ರಿಂದ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಡಬ್ಬಿಯ ಮೇಲೆ ಈ ವಿವರ ಇದೆಯೇ ಎಂದು ನೋಡಿ ಕೊಳ್ಳಬೇಕು.

ಹಳೆಯ ಬಾಗಿಲು, ಕಿಟಕಿಗಳ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು. ನೀರು ಹಾಕಿ ಒದ್ದೆ ಮಾಡಿ ಉಜ್ಜಿ, ಉದುರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲಸ ಮುಗಿಯುವವರೆಗೆ ಮಕ್ಕಳು, ಬಸುರಿಯರು ಆ ಕೋಣೆಗೆ ಹೋಗದಿರುವುದು ಒಳ್ಳೆಯದು.